ಹುಳದ ಮನೆಯ ಹೊರಗೆ ನಿಂತ ಮೇಡಂ

ಬಸ್ಸಿನಲ್ಲಿ ತಲೆನೋವಿನ ಮುಲಾಮು ಹಚ್ಚಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಜನ ಒಬ್ಬರ ಮೇಲೊಬ್ಬರು ಒರಗಿಕೊಂಡು ನಿಂತಿರುತ್ತಾರೆ, ಅದರ ನಡುವೆ ಯಾರೋ ಪುಟ್ಟ ಡಬ್ಬಿಯ ಮುಚ್ಚಳ ತಿರುಗಿಸಿದರೆ ಸಾಕು, ಇಡೀ ಬಸ್ಸಿಗೇ ನೆಗಡಿಯಾದ ಹಾಗಾಗುತ್ತದೆ. ಹೋದ ವಾರ ಕನಕಪುರದಿಂದ ರಾಮನಗರಕ್ಕೆ ಹೊರಟಿದ್ದೆ. ನಾನು ನಮ್ಮೂರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಮೀಟಿಂಗ್ ಎಂದು ಕರೆಸಿಕೊಳ್ಳುತ್ತಾರೆ, ಹೋದರೆ ಅರ್ಧ ದಿನ ಕಾಯಿಸುತ್ತಾರೆ. ಆ ಸಿಟ್ಟು ಮೊದಲೇ ತಲೆಗೇರಿತ್ತು. ಮುಂದಿನ ಸೀಟಿನ ಹೆಂಗಸು ಬ್ಯಾಗಿನಿಂದ ಡಬ್ಬಿ ತೆಗೆದು, ಬೆರಳಿಗೆ ಬಳಿದುಕೊಂಡು, ಹಣೆಯ ಎರಡೂ ಪಕ್ಕಕ್ಕೆ ತಿಕ್ಕತೊಡಗಿದರು. ಏನಾದರೂ ಅನ್ನೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಮೇಡಂ ನೆನಪಾದರು.

ಮೇಡಂ ಎಂದರೆ ಕನಕಪುರದ ಕಾಲೇಜಿನಲ್ಲಿ ನನಗೆ ಬರವಣಿಗೆಯ ತರಗತಿ ತೆಗೆದುಕೊಂಡವರು. ಅತಿಥಿ ಉಪನ್ಯಾಸಕಿ. ದಿನಾ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದು, ಸಂಜೆ ಬಸ್ಸಿನಲ್ಲೇ ವಾಪಸ್ಸು ಹೋಗುತ್ತಿದ್ದರು. ಬಂದಿಳಿಯುವಷ್ಟರಲ್ಲಿ ತಲೆನೋವು ಹಿಡಿದಿರುತ್ತಿತ್ತು. ಅವರು ತರಗತಿಗೆ ಬರುವ ಮೊದಲೇ ಮುಲಾಮಿನ ವಾಸನೆ ಬರುತ್ತಿತ್ತು, ಅದನ್ನು ಮೂಸಿಯೇ ಹಿಂದಿನ ಬೆಂಚಿನವರು ಮೊಬೈಲು ಜೇಬಿಗೆ ಇಳಿಸುತ್ತಿದ್ದರು.

ನಾನು ಆ ತರಗತಿಗೆ ಸೇರಿದ್ದು ಬರೆಯುವ ಆಸೆಯಿಂದಲ್ಲ. ಕಂಪ್ಯೂಟರ್ ತರಗತಿಯ ಸೀಟು ಮುಗಿದುಹೋಗಿತ್ತು, ಉಳಿದದ್ದು ಇದೊಂದೇ. ದೊಡ್ಡಆಲಹಳ್ಳಿ ಕಡೆಯ ಹಳ್ಳಿಯಿಂದ ಬರುತ್ತಿದ್ದ ನನಗೆ ಆಗ ಕಾಲೇಜಿನಲ್ಲಿ ಬಾಯಿಯೇ ಇರಲಿಲ್ಲ. ಹಾಜರಿ ಕೂಗಿದಾಗ ನಾನು ಹೇಳುತ್ತಿದ್ದ 'ಎಸ್ ಮೇಡಂ' ನನ್ನ ಪಕ್ಕದವಳಿಗೂ ಕೇಳಿಸುತ್ತಿರಲಿಲ್ಲ. ಇದ್ದೂ ಗೈರುಹಾಜರಾದ ದಿನಗಳು ಎಷ್ಟೋ. ಕೈಯೆತ್ತಿ 'ನಾನು ಇದ್ದೀನಿ' ಎನ್ನುವುದಕ್ಕಿಂತ ಗೈರುಹಾಜರಾಗುವುದೇ ನನಗೆ ಸುಲಭವಾಗಿತ್ತು.

ಮೇಡಂ ಮೊದಲ ವಾರ ನಮ್ಮೆಲ್ಲರ ಕೈಲಿ ಒಂದೊಂದು ಪ್ರಬಂಧ ಬರೆಸಿದರು. ಎಲ್ಲವೂ ಗೈಡಿನಿಂದ ಇಳಿಸಿದವು. ಎಲ್ಲರ ಕಾಡೂ ನಾಶವಾಗಿತ್ತು, ಎಲ್ಲರ ತಾಯಿಯೂ ದೇವರಾಗಿದ್ದಳು. ಅವರು ಬೈಯಲಿಲ್ಲ. ಇನ್ನು ಮೇಲೆ ಹಾಳೆಯಲ್ಲಿ ಬರೆಯುವುದು ಬೇಡ, ಪ್ರತಿಯೊಬ್ಬರೂ ಒಂದೊಂದು ಬ್ಲಾಗ್ ಮಾಡಿ, ವಾರಕ್ಕೊಂದು ಬರೆಯಿರಿ, ಎಲ್ಲರೂ ಎಲ್ಲರದ್ದನ್ನೂ ಓದೋಣ ಅಂದರು. ಲ್ಯಾಬಿನಲ್ಲಿ ಕೂತು ಒಬ್ಬೊಬ್ಬರಿಗೂ ಅವರೇ ಬ್ಲಾಗ್ ತೆರೆದುಕೊಟ್ಟರು. ನನ್ನ ಸರದಿ ಬಂದಾಗ "ಏನು ಹೆಸರಿಡೋಣಮ್ಮ?" ಎಂದು ಕೇಳಿದರು. ನಾನು ನೆಲ ನೋಡುತ್ತ ನಿಂತೆ. ಕಾದು ಕಾದು ಸಾಕಾಗಿ, ಹಾಜರಿ ಪುಸ್ತಕದಲ್ಲಿದ್ದ ನನ್ನ ಊರಿನ ಹೆಸರನ್ನೇ ಬ್ಲಾಗಿಗೆ ಇಟ್ಟುಬಿಟ್ಟರು. ಆ ಹೆಸರು ಮುಂದೆ ನನ್ನ ಕುತ್ತಿಗೆಗೇ ಬಂತು.

ಬರೆಯುವುದಕ್ಕೆ ಫೋನು ಬೇಕಲ್ಲ. ನಮ್ಮ ಮನೆಗೆಲ್ಲ ಸೇರಿ ಇದ್ದದ್ದು ಒಂದೇ ದೊಡ್ಡ ಫೋನು, ಅದು ಅಪ್ಪನದು. ಸಂಜೆ ಅಪ್ಪ ಕೈಕಾಲು ತೊಳೆದು ಜಗುಲಿಯಲ್ಲಿ ಕೂತ ಮೇಲೆ ಕೇಳಿ ಇಸಿದುಕೊಳ್ಳುತ್ತಿದ್ದೆ. ಕನ್ನಡ ಟೈಪು ಮಾಡಲು ಬಾರದೆ ಒಂದು ಸಾಲಿಗೆ ಅರ್ಧ ಗಂಟೆ ಒದ್ದಾಡುತ್ತಿದ್ದೆ. 'ಪರಿಸರ ಸಂರಕ್ಷಣೆ' ಎಂದು ಎಲ್ಲಿಂದಲೋ ಎತ್ತಿದ್ದನ್ನು ಹಾಕಿದೆ. ಮಾರನೆಯ ದಿನ ಅದರ ಕೆಳಗೆ ಮೇಡಂ ಕಾಮೆಂಟು: "ಇದನ್ನು ನೀನು ಎಲ್ಲಿ ನಿಂತು ನೋಡಿದೆ?"

ಎಲ್ಲಿ ನಿಂತು ಎಂದರೆ ಏನರ್ಥ? ಚೆನ್ನಾಗಿದೆ ಅನ್ನಲಿ, ಚೆನ್ನಾಗಿಲ್ಲ ಅನ್ನಲಿ. ಅಂಕ ಕೊಡಲಿ. ಆ ವಾರವೆಲ್ಲ ನನಗೆ ರೇಗಿತು. ಮುಂದಿನ ವಾರ 'ನನ್ನ ತಾಯಿ' ಎಂದು ಬರೆದೆ. ಕೆಳಗೆ ಮತ್ತೆ: "ನಿಮ್ಮಮ್ಮ ಬೆಳಗ್ಗೆ ಎದ್ದ ತಕ್ಷಣ ಮೊದಲು ಏನು ಮಾಡ್ತಾರೆ?" ನಾನು ಉತ್ತರ ಹಾಕಿದೆ: ಹುಳಕ್ಕೆ ಸೊಪ್ಪು ಹಾಕುತ್ತಾಳೆ. ಅದಕ್ಕೆ: "ಕಾಫಿ ಕುಡಿಯೋಕೂ ಮೊದಲೇ? ಯಾಕೆ?"

ಆವತ್ತು ಬಂದ ಕೋಪ ಅಷ್ಟಿಷ್ಟಲ್ಲ. ರೇಷ್ಮೆ ಹುಳ ಸಾಕುವ ತಾಲ್ಲೂಕಿಗೆ ಬಂದು ಪಾಠ ಹೇಳುವವರಿಗೆ ಇಷ್ಟೂ ಗೊತ್ತಿಲ್ಲವೇ ಎಂದು, ಹಲ್ಲು ಕಚ್ಚಿಕೊಂಡು, ಒಂದೇ ಉಸಿರಿಗೆ ಬರೆದೆ. ಹುಳ ಯಾರ ಕಾಫಿಗೂ ಕಾಯುವುದಿಲ್ಲ ಮೇಡಂ ಎಂದು ಶುರು ಮಾಡಿದೆ. ಹುಳ ತಿನ್ನುವುದು ಬಿಟ್ಟು ಮಂಕಾಗಿ ಕೂತು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ, ಅಂಥ ನಾಲ್ಕು ಜ್ವರ ದಾಟಿದ ಮೇಲೇ ಅದು ಗೂಡು ಕಟ್ಟುವುದು, ಅಲ್ಲಿಯವರೆಗೆ ಮನೆಯವರಿಗೆ ನಿದ್ದೆಯಿಲ್ಲ. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ರೋಗ ಬರುತ್ತದೆಂದು ಒದ್ದೆ ಸೊಪ್ಪು ಹಾಕುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ, ಪೌಡರು ಹಾಕಿಕೊಂಡು ಹತ್ತಿರ ಸುಳಿಯುವುದಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈಯಂತೂ ವಿಷ. ಅದಕ್ಕೇ ನಮ್ಮಜ್ಜಿ ಒಂದು ಬೆಳೆ ಮುಗಿದು ಗೂಡು ಬಿಡಿಸುವವರೆಗೂ ಹೊಗೆಸೊಪ್ಪು ಬಿಟ್ಟಿರುತ್ತಾಳೆ, ಅದರ ಸಿಡುಕನ್ನೆಲ್ಲ ನಮ್ಮ ಮೇಲೆ ತೀರಿಸಿಕೊಳ್ಳುತ್ತಾಳೆ... ಹೀಗೇ ಏನೇನೋ. ಬರೆದು ಮುಗಿಸಿದಾಗ ಬೆರಳು ನೋಯುತ್ತಿತ್ತು. ಇದು ಬೈಗುಳವೋ ಪ್ರಬಂಧವೋ ತಿಳಿಯದೆ ಹಾಗೇ ಹಾಕಿಬಿಟ್ಟೆ.

ಮೇಡಂ ಹೊಗಳಲಿಲ್ಲ. "ಹೊಗೆಸೊಪ್ಪು ಬಿಟ್ಟಾಗ ಅಜ್ಜಿ ಬಾಯಿಗೆ ಏನು ಹಾಕಿಕೊಳ್ತಾರೆ?" ಎಂದು ಕೇಳಿದರು. ಕಡ್ಲೆಪುರಿ, ಎಂದೆ. "ಹುಳ ಸೊಪ್ಪು ತಿನ್ನುವಾಗ ಸದ್ದು ಬರುತ್ತಾ? ಹೇಗಿರುತ್ತೆ?" ಮಳೆ ಬಂದ ಹಾಗೆ, ಎಂದೆ. "ಹಾಗಂತ ಎಲ್ಲರೂ ಹೇಳ್ತಾರೆ. ನಿನಗೆ ಹೇಗೆ ಕೇಳಿಸುತ್ತೆ?" ಇವರ ಕಾಟಕ್ಕೆ ನಾನು ಬೆಳಗ್ಗೆ ಬೆಳಗ್ಗೆ ಹುಳದ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ನಿಲ್ಲುವ ಹಾಗಾಯಿತು. ಅವ್ವ ನನಗೆ ಹುಷಾರಿಲ್ಲವೆಂದು ಹಣೆ ಮುಟ್ಟಿ ನೋಡಿದಳು. ಕಡೆಗೆ, ನಮ್ಮಜ್ಜಿ ಬೊಚ್ಚುಬಾಯಲ್ಲಿ ಕಡ್ಲೆಪುರಿ ಅಗಿಯುವ ಸದ್ದಿನ ಹಾಗಿರುತ್ತದೆ ಎಂದು ಬರೆದೆ.

ಅದನ್ನು ಇಡೀ ತರಗತಿ ಓದಿತು. ಮಾಗಡಿ ಕಡೆಯ ಯಾರೋ ಹೆಂಗಸು, ನಮ್ಮ ಕಾಲೇಜಿಗೆ ಸಂಬಂಧವೇ ಇಲ್ಲದವರು, "ನಮ್ಮನೇಲೂ ಹಿಂಗೇ ಕಣಮ್ಮ, ಮುಂದಿನ ವಾರದ್ದು ಯಾವಾಗ ಹಾಕ್ತೀಯ?" ಎಂದು ಕೇಳಿದ್ದರು. ನನ್ನ ಮಾತಿಗೆ ಯಾರೋ ಕಾಯುತ್ತಿದ್ದಾರೆ ಎನ್ನುವುದು ಆವರೆಗೆ ನನಗೆ ಗೊತ್ತಿರಲಿಲ್ಲ. ಟೌನಿನ ಹುಡುಗನೊಬ್ಬ ನನ್ನನ್ನು 'ಹುಳದ ಮನೆ' ಎಂದು ಕರೆಯತೊಡಗಿದ. ನಾಲ್ಕಾರು ದಿನ ಸಹಿಸಿಕೊಂಡೆ. ಒಂದು ದಿನ, ನಿನ್ನಕ್ಕನ ಧಾರೆ ಸೀರೆಯ ರೇಷ್ಮೆ ಯಾರ ಮನೆಯಿಂದ ಬಂತೋ ವಿಚಾರಿಸಿಕೊಂಡು ಬಾ ಎಂದೆ. ಅದರ ಮಾರನೆಯ ದಿನ ಹಾಜರಿ ಕೂಗಿದಾಗ ನನ್ನ ದನಿ ಕೇಳಿಸಿ ಮೇಡಂ ತಲೆಯೆತ್ತಿ ನೋಡಿದರು. ಆಗಲೂ ಒಂದು ಒಳ್ಳೆ ಮಾತು ಆಡಲಿಲ್ಲ. ಮುಂದಿನ ಹೆಸರು ಕೂಗಿದರು.

ಆಮೇಲೆ ನನಗೆ ಧೈರ್ಯ ಸ್ವಲ್ಪ ಹೆಚ್ಚೇ ಆಯಿತೇನೋ. ಆ ಸಲ ಹುಳ ಮೂರನೇ ಜ್ವರ ದಾಟಿ ಎದ್ದಿದ್ದವು. ನೋಡುವುದಕ್ಕೇ ಖುಷಿಯಾಗುವಂಥ ಬೆಳೆ. ಅಪ್ಪನ ಫೋನಿನಲ್ಲಿ ಒಂದು ಫೋಟೋ ತೆಗೆದು, ಇಷ್ಟು ಒಳ್ಳೆಯ ಬೆಳೆ ನಮ್ಮ ಮನೆಯಲ್ಲಿ ಎಷ್ಟೋ ದಿನದಿಂದ ಬಂದಿರಲಿಲ್ಲ ಎಂದು ಬರೆದು ಬ್ಲಾಗಿಗೆ ಹಾಕಿದೆ.

ನಮ್ಮ ಕಡೆ ಹುಳ ಸಾಕುವ ಮನೆಯಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ಬೆಳೆ ಹೇಗಿದೆ ಎಂದು ಕೇಳಿದರೆ 'ಏನೋ ಇದೆ' ಎಂದು ಮುಖ ಸಪ್ಪೆ ಮಾಡಬೇಕು. ಹುಳವನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸಬಾರದು. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ, ಆದರೆ ಬ್ಲಾಗಿಗೂ ಕಣ್ಣಿರುತ್ತದೆ ಎಂದು ಹೊಳೆದಿರಲಿಲ್ಲ. ಚನ್ನಪಟ್ಟಣದಲ್ಲಿದ್ದ ಚಿಕ್ಕಪ್ಪ ಏನನ್ನೋ ಹುಡುಕಲು ಊರಿನ ಹೆಸರು ಒತ್ತಿದ್ದಾರೆ, ನನ್ನ ಬ್ಲಾಗು ಎದುರಿಗೆ ಬಂದಿದೆ. ಸಂತೋಷದಿಂದಲೇ ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದ್ದಾರೆ. ಪುಣ್ಯಾತ್ಮ, ಅಷ್ಟಕ್ಕೆ ಸುಮ್ಮನಾಗದೆ ಭಾನುವಾರ ಊರಿಗೆ ಬಂದಾಗ ಜಗುಲಿಯಲ್ಲಿ ಕೂತು ಅಜ್ಜಿಗೆ ಎಲ್ಲವನ್ನೂ ಜೋರಾಗಿ ಓದಿ ಹೇಳಿದರು. ಬೊಚ್ಚುಬಾಯಿ ಸಮೇತ.

"ಊರ್ಗೆಲ್ಲ ಹುಳ ತೋರ್ಸ್‌ಬುಟ್ಟೌಳಲ್ಲಪ್ಪೋ!" ಎಂದು ಅಜ್ಜಿ ಎದೆ ಬಡಿದುಕೊಂಡಳು. ಎಷ್ಟು ಜನ ನೋಡಿದ್ದಾರೆ ಎಂದು ಕೇಳಿದಳು. ಚಿಕ್ಕಪ್ಪ ಪರದೆಯ ಮೇಲಿದ್ದ ಸಂಖ್ಯೆಯನ್ನು ಓದಿ ಹೇಳಿದರು. ಅಷ್ಟು ಜೊತೆ ಕಣ್ಣು ಬಿದ್ದ ಮೇಲೆ ಯಾವ ಬೆಳೆ ಉಳಿಯುತ್ತದೆ? ದೃಷ್ಟಿ ತೆಗೆಯಬೇಕು, ಸರಿ. ಆದರೆ ಯಾವುದಕ್ಕೆ? ಜನ ನೋಡಿದ್ದು ಹುಳವನ್ನಲ್ಲ, ಫೋನನ್ನು. ಹಾಗಾಗಿ ಅಪ್ಪನ ಫೋನಿಗೇ ದೃಷ್ಟಿ ತೆಗೆಯುವುದು ಎಂದಾಯಿತು. ಮೆಣಸಿನಕಾಯಿ ಘಾಟು ಹುಳಕ್ಕೆ ಆಗಿಬರುವುದಿಲ್ಲವೆಂದು ಎಲ್ಲರೂ ಮೆರವಣಿಗೆ ಹೊರಟು ಹೊಲದ ಆಚೆಗಿನ ದಾರಿಗೆ ಹೋದೆವು. ಅಪ್ಪ ಎರಡೂ ಕೈಯಲ್ಲಿ ಫೋನು ಹಿಡಿದು ನಿಂತ. ಅಜ್ಜಿ ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಅದಕ್ಕೆ ನಿವಾಳಿಸುತ್ತಿದ್ದಾಗ ಯಾವುದೋ ಲೋನ್ ಕೊಡುವ ಹುಡುಗಿ ಕರೆ ಮಾಡಿದಳು. ಕರೆ ತೆಗೆದುಕೊಳ್ಳಲೋ ಬೇಡವೋ ಎಂದು ಅಪ್ಪ ಅಜ್ಜಿಯ ಮುಖ ನೋಡಿದ. ಇದನ್ನು ಈಗ ಹೇಳಿದರೆ ಜನ ನಗುತ್ತಾರೆ. ಆವತ್ತು ನನಗೆ ಅಳು ಬಂದಿತ್ತು.

"ಬೆಳೆ ಏನಾರ ಕೆಟ್ಟೋಯ್ತೋ, ಇವ್ಳ ಕಾಲೇಜು ಅಲ್ಲಿಗೇ ಮುಗೀತು ಅನ್ಕೊ" ಎಂದಳು ಅಜ್ಜಿ. ಅಪ್ಪ ಹೂಂ ಅಂದ. ಫೋನು ಅವನ ಜೇಬು ಸೇರಿತು. ನನ್ನ ಓದು ಹುಳಗಳ ಆರೋಗ್ಯದ ಮೇಲೆ ನಿಂತಿತು.

ಆ ವಾರ ನಾನು ಏನೂ ಬರೆಯಲಿಲ್ಲ. ತರಗತಿ ಮುಗಿದ ಮೇಲೆ ಮೇಡಂ ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದರು. ಬಿಕ್ಕಿ ಬಿಕ್ಕಿ ಎಲ್ಲವನ್ನೂ ಹೇಳಿದೆ. ಸಮಾಧಾನ ಹೇಳುತ್ತಾರೆ, ಅಪ್ಪನ ಹತ್ತಿರ ಮಾತಾಡುತ್ತೇನೆ ಅನ್ನುತ್ತಾರೆ ಎಂದು ಕಾದೆ. "ಫೋನಿಗೆ ನಿವಾಳಿಸಿದ ಮೆಣಸಿನಕಾಯಿ ಘಾಟು ಬಂತಾ?" ಎಂದು ಕೇಳಿದರು! ದೃಷ್ಟಿ ಇದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರಲ್ಲ, ಅದಕ್ಕೆ ಕೇಳಿದ್ದಂತೆ. ಘಾಟಿಗೆ ಎಲ್ಲರೂ ಕೆಮ್ಮಿದ್ದೆವು, ನಿಜ. ಆದರೆ ಆ ಗಳಿಗೆಯಲ್ಲಿ ಅವರ ಕೈಲಿದ್ದ ಮುಲಾಮಿನ ಡಬ್ಬಿಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ಮುಂದಿನ ಭಾನುವಾರ, ಹೇಳದೆ ಕೇಳದೆ, ಮೇಡಂ ನಮ್ಮೂರಿಗೆ ಬಂದರು. ವಾರವೆಲ್ಲ ಜಡಿಮಳೆ ಹಿಡಿದಿತ್ತು, ಅವತ್ತು ಸ್ವಲ್ಪ ಹೊಳವಾಗಿತ್ತು. ಮುಖ್ಯರಸ್ತೆಯಲ್ಲಿ ಬಸ್ಸಿಳಿದು, ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಬಂದಿದ್ದರು. ಎರಡು ಬಸ್ಸು ಬದಲಾಯಿಸಿದ ತಲೆನೋವು ಬೇರೆ. ನಮ್ಮ ಮನೆಯ ತಿರುವಿನಲ್ಲಿರುವಾಗಲೇ ಮುಲಾಮಿನ ವಾಸನೆ ಅಜ್ಜಿಯ ಮೂಗಿಗೆ ಬಡಿಯಿತು.

"ಯಾರವ್ವ ಅದು? ಅಲ್ಲೇ ನಿಂತ್ಕೊ, ಅಲ್ಲೇ ನಿಂತ್ಕೊ! ಅದೇನ್ ಬಳ್ಕೊಂಡ್ ಬಂದಿದ್ದೀಯೆ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಡಂ ಮಾತ್ರ ತಪ್ಪು ಮಾಡಿದ ಮಗುವಿನ ಹಾಗೆ ನಿಂತರು. ಅವ್ವ ಬಕೆಟ್ಟಿನಲ್ಲಿ ನೀರು, ಸೋಪು ತಂದುಕೊಟ್ಟಳು. ಅಜ್ಜಿ ದೂರದಿಂದಲೇ "ಇನ್ನೂ ಒಸಿ ತಿಕ್ಕು, ಕಿವಿ ಹಿಂದ್ಲೂ ತಿಕ್ಕು" ಎಂದು ಹೇಳುತ್ತಿದ್ದಳು. ಮೇಡಂ ತಿಕ್ಕಿದರು. ಆಮೇಲೆ ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟೆವು.

ನನ್ನ ಪರವಾಗಿ ವಾದ ಮಾಡಲು ಬಂದಿದ್ದಾರೆ ಎಂದುಕೊಂಡಿದ್ದೆ. ಬ್ಲಾಗಿನ ಸುದ್ದಿಯನ್ನೇ ಎತ್ತಲಿಲ್ಲ! ಬೆಳಗಿನಿಂದ ಮಧ್ಯಾಹ್ನದವರೆಗೆ ಅಜ್ಜಿಯನ್ನು ಪ್ರಶ್ನೆ ಕೇಳುತ್ತ ಕೂತರು. ನೀವು ಮದುವೆಯಾಗಿ ಬಂದಾಗ ಎಷ್ಟು ಹುಳ ಸಾಕುತ್ತಿದ್ದಿರಿ, ಆಗ ಹುಳ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆ ಯಾರು ಹೆಣೆದು ಕೊಡುತ್ತಿದ್ದರು, ಹುಳ ಗೂಡು ಕಟ್ಟುವ ಹೊತ್ತು ಬಂತೆಂದು ಹೇಗೆ ಗೊತ್ತಾಗುತ್ತದೆ. ಹೊಗೆಸೊಪ್ಪಿಲ್ಲದೆ ಮುಖ ಸಿಂಡರಿಸಿಕೊಂಡಿದ್ದ ಅಜ್ಜಿ ಕರಗಿಹೋದಳು. ಆ ವಯಸ್ಸಿನವಳನ್ನು ಕೂರಿಸಿಕೊಂಡು ಯಾರೂ ಏನನ್ನೂ ಕೇಳಿರಲಿಲ್ಲ. ಅಪ್ಪ ಮಾತ್ರ ಹುಳದ ಮನೆಯ ಬಾಗಿಲು ಬಿಟ್ಟು ಕದಲಲಿಲ್ಲ.

ಹೊರಡುವಾಗ ಮೇಡಂ, "ನಿಮ್ಮ ಹುಡುಗಿ ಇದನ್ನೆಲ್ಲ ಬರೀತಾಳೆ, ನಾನು ಓದ್ತೀನಿ. ಅದಕ್ಕೇ ನೋಡೋಣ ಅಂತ ಬಂದೆ. ಒಂದೇ ಒಂದು ಸಲ ಹುಳ ನೋಡಬಹುದಾ?" ಅಂದರು. ನಾನು ಅಜ್ಜಿಯ ಕಡೆ ನೋಡಿದೆ.

"ಮಕ ತೊಳ್ಕೊಂಡೌಳಲ್ಲ ಪಾಪ. ಬಾಗ್ಲತ್ರ ನಿಂತು ಒಸಿ ನೋಡ್ಲಿ ಬುಡ್ಲಾ" ಎಂದಳು ಅಜ್ಜಿ. ನಂಬಲಾಗಲಿಲ್ಲ ನನಗೆ.

"ಆಗಾಕಿಲ್ಲ ಮೇಡಮ್ಮೋರೆ. ಒಳಿಕ್ಕೆ ಯಾರ್ನೂ ಬುಡಾಕಿಲ್ಲ ನಾವು" ಎಂದ ಅಪ್ಪ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದವನು ಅಲ್ಲಾಡಲಿಲ್ಲ. ಅಜ್ಜಿಯೇ ಒಪ್ಪಿದ ಮೇಲೆ ಇವನಿಗೇನು ಎಂದು ನನಗೆ ಬಹಳ ಬೇಸರವಾಯಿತು. ಮೇಡಂ ಸರಿ ಎಂದು ತಲೆಯಾಡಿಸಿ, ಗೋಡೆಯ ಪಕ್ಕ, ಬಲೆ ಕಟ್ಟಿದ ಕಿಟಕಿಯ ಕೆಳಗೆ ಸುಮ್ಮನೆ ನಿಂತು ಕೇಳಿಸಿಕೊಂಡರು. ಅಷ್ಟು ಹೊತ್ತು ಯಾಕೆ ನಿಂತರೋ... ಬಸ್ಸಿಗೆ ಹತ್ತಿಸಲು ಹೋದಾಗ ನನಗೆ ಹೇಳಿದ್ದು ಇಷ್ಟೇ: "ಕಡ್ಲೆಪುರಿ ಸದ್ದು ಅನ್ನಿಸಲಿಲ್ಲಮ್ಮ. ಇವತ್ತು ಬೇರೆ ಥರ ಇತ್ತು. ಇನ್ನೊಂದ್ಸಲ ಕೇಳು."

ಇಷ್ಟು ದೂರ ಬಂದು, ಕಿವಿಯ ಹಿಂದೆ ಸೋಪು ಹಾಕಿಸಿಕೊಂಡು, ಕಡೆಗೆ ನನ್ನ ಹೋಲಿಕೆಯಲ್ಲೇ ತಪ್ಪು ಹುಡುಕಿ ಹೋದರಲ್ಲ!

ಮೂರು ದಿನ ಕಳೆದಿರಬೇಕು. ಹುಳ ಸಾಯತೊಡಗಿದವು. ಸುಣ್ಣಕಟ್ಟು ರೋಗ. ಹುಳ ಬಿಳಿಚಿಕೊಂಡು ಬಳಪದ ಚೂರಿನ ಹಾಗೆ ಗಟ್ಟಿಯಾಗುತ್ತದೆ. ತಟ್ಟೆ ತಟ್ಟೆಯನ್ನೇ ಎತ್ತಿ ಗುಂಡಿಗೆ ಸುರಿದು ಸುಣ್ಣ ಹಾಕಿದೆವು. ಅರ್ಧ ಬೆಳೆಗೂ ಹೆಚ್ಚು ಹೋಯಿತು. ಅವ್ವ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಸುದ್ದಿ ಕೇಳಿ ಚಿಕ್ಕಪ್ಪ ಬಂದರು, ಅಕ್ಕಪಕ್ಕದವರು ಬಂದರು, ಜಗುಲಿ ತುಂಬಿತು. ಒಬ್ಬರು ಬ್ಲಾಗಿನ ದೃಷ್ಟಿ ಅಂದರು. ಇನ್ನೊಬ್ಬರು ಮುಲಾಮಿನ ಮೇಡಂ ಬಂದದ್ದೇ ಕಾರಣ ಅಂದರು. ಎರಡಕ್ಕೂ ನಾನೇ ಮೂಲ. ಅಪ್ಪ ಗೋಡೆಗೆ ಒರಗಿ ಕೂತಿದ್ದ. "ಎಲ್ಲಾ ಇವ್ಳಿಂದ್ಲೇ" ಎಂದ. "ನಾಳಿಂದ ಕಾಲೇಜು ಬ್ಯಾಡ. ಮನೇಲಿರ್ಲಿ."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅಳು ಬರಬೇಕಾಗಿತ್ತು, ಬರಲಿಲ್ಲ. ತಲೆಯಲ್ಲಿ ಮೇಡಂ ಪ್ರಶ್ನೆಗಳು ಓಡುತ್ತಿದ್ದವು: ಎಲ್ಲಿ ನಿಂತು ನೋಡಿದೆ, ಮೊದಲು ಏನಾಯಿತು, ಆಮೇಲೆ? ಆ ಪ್ರಶ್ನೆಗಳಿಗೆ ಉತ್ತರ ಹೇಳುವ ಹಾಗೆ, ಯಾರ ಮುಖವನ್ನೂ ನೋಡದೆ ಶುರು ಮಾಡಿದೆ.

"ಹೋದ ವಾರ ನೀನು ಬೈರಮಂಗಲದ ಬೀಗರೂಟಕ್ಕೆ ಹೋದ ದಿನ ಬೆಳಗ್ಗೆ ಮಳೆ ಬರ್ತಿತ್ತು ಕಣಪ್ಪ. ಸೊಪ್ಪು ನೆಂದಿತ್ತು. ದಿನಾ ನೀನು ಹರವಿ ಆರಿಸ್ತಿದ್ದೆ. ಅವತ್ತು ಬೈರಮಂಗಲದ ಬಸ್ಸು ತಪ್ಪೋಯ್ತದೆ ಅಂತ ಆರಿಸ್ನಿಲ್ಲ. ಕಡ್ಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನೇ ಮೂಲೆ ತಟ್ಟೆಗಳಿಗೆ ಹಾಕ್ದೆ. ನಾನು ನೀರಿನ ಕೊಡ ಹಿಡ್ಕೊಂಡು ಅಲ್ಲೇ ನಿಂತಿದ್ದೆ. ಮೊದ್ಲು ಬೆಳ್ಳಗಾಗಿದ್ದೂ ಆ ಮೂಲೆ ತಟ್ಟೆಗಳೇ."

ನಮ್ಮ ಮನೆಯಲ್ಲಿ ಅಪ್ಪನಿಗೆ ಎದುರು ಮಾತಾಡಿದ ಹೆಣ್ಣುಮಕ್ಕಳು ನನಗೆ ಗೊತ್ತಿದ್ದಂತೆ ಇಲ್ಲ. ಎದ್ದು ಬಂದು ಹೊಡೆಯುತ್ತಾನೆ ಎಂದುಕೊಂಡೆ. ನನ್ನ ದನಿ ಮಾತ್ರ ನಡುಗಲಿಲ್ಲ, ಅದು ನನಗೇ ಆಶ್ಚರ್ಯ.

"ನಾನೂ ಕಂಡೆ ಕನ್ಲಾ" ಎಂದಳು ಅಜ್ಜಿ. "ಸೊಪ್ಪು ಒದ್ದೆ ಇತ್ತು." ಆಮೇಲೆ ಪೂರ್ತಿ ಬಿಟ್ಟುಕೊಡಲು ಮನಸ್ಸಾಗದೆ, "ದೃಷ್ಟೀನೂ ಬಿದ್ದಿತ್ತು, ಸೊಪ್ಪೂ ಒದ್ದೆ ಇತ್ತು" ಎಂದು ಸೇರಿಸಿದಳು. ಈ ಮುದುಕಿಯನ್ನು ಏನು ಮಾಡುವುದು?

ಅಪ್ಪ ಎದ್ದು ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊಲದ ಕಡೆ ಹೋದ. ಒಪ್ಪಲೂ ಇಲ್ಲ, ಬೈಯಲೂ ಇಲ್ಲ. ಮಾರನೆಯ ಬೆಳಗ್ಗೆ ನಾನು ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ, ಯಾರೂ ತಡೆಯಲಿಲ್ಲ. ಸಂಜೆ ಬಂದಾಗ ಫೋನು ನನ್ನ ಚಾಪೆಯ ಮೇಲಿತ್ತು. ನಮ್ಮ ಮನೆಯ ಗಂಡಸರು ತಪ್ಪಾಯ್ತು ಎಂದು ಹೇಳುವ ರೀತಿ ಅದು.

ಎಲ್ಲವನ್ನೂ ಬರೆದು ಬ್ಲಾಗಿಗೆ ಹಾಕಿದೆ. ಬೀಗರೂಟ, ನೀರು ತೊಟ್ಟಿಕ್ಕುವ ಕಡ್ಡಿ, ಜಗುಲಿ, ಎಲ್ಲ. ನಾನು ಬರೆದದ್ದರಲ್ಲಿ ಅದೇ ಒಳ್ಳೆಯದು ಎಂದು ಈಗಲೂ ಅನ್ನಿಸುತ್ತದೆ. ಈ ಸಲವಾದರೂ ಮೇಡಂ ಭೇಷ್ ಅನ್ನುತ್ತಾರೆ ಎಂದು ಮತ್ತೆ ಮತ್ತೆ ತೆಗೆದು ನೋಡಿದೆ. ಬಂದ ಕಾಮೆಂಟು: "ಅವತ್ತು ಬೀಗರೂಟದಲ್ಲಿ ನಿಮ್ಮಪ್ಪ ಏನು ತಿಂದರು?"

ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೂ ಹೋಗಿ ಅಪ್ಪನನ್ನು ಕೇಳಿದೆ. "ಏನ್ ತಿಂದ್ರೆ ಅವ್ರಿಗೇನಂತೆ?" ಎಂದು ರೇಗಿ ಎದ್ದು ಹೋದ. ಅವನಿಗೆ ಅಷ್ಟು ಕೋಪ ಯಾಕೆ ಬಂತೋ ನನಗೆ ಆಗ ತಿಳಿಯಲಿಲ್ಲ.

ಮುಂದಿನ ವರ್ಷ ಅತಿಥಿ ಉಪನ್ಯಾಸಕರ ಹೊಸ ಪಟ್ಟಿಯಲ್ಲಿ ಮೇಡಂ ಹೆಸರು ಇರಲಿಲ್ಲ. ಬೀಳ್ಕೊಡುಗೆ ಇಲ್ಲ, ಹಾರ ಇಲ್ಲ. ಅತಿಥಿ ಎಂದು ಕರೆದ ಮೇಲೆ ಒಂದು ಲೋಟ ಕಾಫಿಯನ್ನಾದರೂ ಕೊಟ್ಟು ಕಳಿಸಬಾರದೇ? ಮಾಗಡಿಯಲ್ಲಿ ಕೆಲಸ ಸಿಕ್ಕಿದೆ ಎಂದು ಯಾರೋ ಹೇಳಿದರು. ಸ್ವಲ್ಪ ದಿನ ಅಲ್ಲಿಂದಲೂ ನನ್ನ ಬ್ಲಾಗಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ನನಗೆ ಕೆಲಸ ಸಿಕ್ಕಿತು ಎಂದು ಬರೆದಾಗ, "ಡೈರಿಯಲ್ಲಿ ಬೆಳಗ್ಗೆ ಮೊದಲು ಬರೋದು ಯಾರ ಹಾಲು?" ಅಂದಿದ್ದರು. ಆಮೇಲೆ ಪ್ರಶ್ನೆಗಳು ಕಡಿಮೆಯಾದವು... ಆಮೇಲೆ ನಿಂತವು. ನಾನೂ ಕೆಲಸ, ಮೀಟಿಂಗು, ಹಾಲಿನ ಜಗಳಗಳಲ್ಲಿ ಮುಳುಗಿದೆ.

ಹೋದ ವಾರ ರಾಮನಗರದಲ್ಲಿ ಬಸ್ಸಿಳಿದವಳೇ, ಮೇಡಂ ನಂಬರ್ ಇದೆಯಾ ಎಂದು ಕೇಳಲು ಕಾಲೇಜಿನ ಗೆಳತಿಗೆ ಫೋನು ಮಾಡಿದೆ.

"ಅಯ್ಯೋ, ನಿಂಗೆ ಗೊತ್ತಿಲ್ವಾ? ಅವ್ರು ಹೋಗ್ಬಿಟ್ರಂತೆ ಕಣೆ" ಎಂದಳು. ಯಾವಾಗ ಎಂದೆ. ಹೋದ ವರ್ಷವೋ ಅದರ ಹಿಂದಿನ ವರ್ಷವೋ ಅಂದಳು. ಏನಾಗಿತ್ತು ಎಂದೆ. ಗೊತ್ತಿಲ್ಲ. ಮನೆಯಲ್ಲಿ ಯಾರಿದ್ದರು, ಕಡೆಯವರೆಗೂ ಪಾಠ ಮಾಡುತ್ತಿದ್ದರಾ, ನಿನಗೆ ಯಾರು ಹೇಳಿದರು? "ಏನೇ ನೀನು, ಪೊಲೀಸ್ನೋರ ಥರ ಕೇಳ್ತೀಯ!" ಎಂದು ಅವಳು ಬೇಜಾರು ಮಾಡಿಕೊಂಡಳು. ಹೋದರಂತೆ ಎಂದರೆ ಹೋದರಂತೆ, ಅಷ್ಟೇ. ಯಾರೂ ಏನೂ ಕೇಳಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ನಾನು ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೋ ತಿಳಿಯದೆ ಅತ್ತೆ. ಮೀಟಿಂಗಿಗೆ ಹೋಗಲಿಲ್ಲ.

ಅಜ್ಜಿ ಈಗಿಲ್ಲ. ಅಪ್ಪ ಇದ್ದಾನೆ, ಹುಳ ಸಾಕುವುದನ್ನು ಬಿಟ್ಟಿಲ್ಲ. ಆ ಬೆಳೆಯ ನಂತರ ಒಂದು ದಿನವೂ ಸೊಪ್ಪು ಆರಿಸದೆ ಹಾಕಿದವನಲ್ಲ, ಅದರ ಬಗ್ಗೆ ಒಂದು ಮಾತನ್ನೂ ಆಡಿದವನಲ್ಲ. ಅವತ್ತು ಸಂಜೆ ಮನೆಗೆ ಬಂದು ಮೇಡಂ ಸುದ್ದಿ ಹೇಳಿದೆ. ಜಗುಲಿಯಲ್ಲಿ ಕೂತು ಸೊಪ್ಪಿನ ಕಡ್ಡಿ ಸರಿಮಾಡುತ್ತಿದ್ದವನು ಕೈ ನಿಲ್ಲಿಸಿದ.

"ಅದೇ ಮುಲಾಮಿನ ಮೇಡಮ್ಮೋರಾ?" ಎಂದ. ಕೈಲಿದ್ದ ಕಡ್ಡಿಯನ್ನು ಕೆಳಗಿಟ್ಟು, "ಅವತ್ತು ಒಳಿಕ್ಕೆ ಬುಡ್ಬೋದಿತ್ತು" ಎಂದ.

"ಮತ್ತೆ ಯಾಕೆ ಬುಡ್ಲಿಲ್ಲ?" ಎಂದೆ. ಸಿಟ್ಟಿನಿಂದಲೇ ಕೇಳಿದೆ.

ಅಪ್ಪ ನನ್ನ ಕಡೆ ನೋಡಲಿಲ್ಲ. "ಮೂಲೆ ತಟ್ಟೇಲಿ ಆಗ್ಲೇ ಬೆಳ್ಳಗಾಗಿದ್ವು ಕನವ್ವ. ಬೆಳಿಗ್ಗೇನೇ ಕಂಡಿದ್ದೆ. ಯಾರ್ಗೂ ಹೇಳಿರ್ನಿಲ್ಲ. ಆಯಮ್ಮ ಒಳಿಕ್ಕೆ ಬಂದಿದ್ರೆ ಯಾಕಿಂಗಾಗವೆ ಅಂತ ಕೇಳ್ಬುಡೋರು. ಕೇಳಿದ್ರೆ ಹೇಳ್ಬೇಕಾಗ್ತಿತ್ತು."

ನಾನು ಚಪ್ಪಲಿ ಬಿಚ್ಚುವುದನ್ನು ಮರೆತು ಅಲ್ಲೇ ನಿಂತಿದ್ದೆ. ಇಷ್ಟು ವರ್ಷ ಈ ಮಾತನ್ನು ಇವನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಜಗುಲಿ ತುಂಬ ಜನ ಕೂತು ನನ್ನನ್ನು ದೂರುವಾಗಲೂ ಇಟ್ಟುಕೊಂಡಿದ್ದ. ನನಗೆ ಅವನ ಮೇಲೆ ಕೆಂಡದಂಥ ಕೋಪ ಬರಬೇಕಿತ್ತು, ಬಂತು ಕೂಡ, ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಈ ಮಾತನ್ನು ಮೇಡಂಗೆ ಹೇಳಬೇಕು, ಈಗಲೇ ಹೇಳಬೇಕು ಅನ್ನಿಸಿತು. ಫೋನು ಕೈಯಲ್ಲೇ ಇತ್ತು. ಯಾರಿಗೆ ಮಾಡುವುದು?

ಒಳಗಿನಿಂದ ಅವ್ವ ಊಟಕ್ಕೆ ಕರೆದಳು. ಅಪ್ಪ ಏಳಲಿಲ್ಲ, ನಾನೂ ಒಳಗೆ ಹೋಗಲಿಲ್ಲ. ಅವನ ಪಕ್ಕ ಕೂತು, "ಬೀಗರೂಟದಲ್ಲಿ ಅವತ್ತು ಏನಪ್ಪ ತಿಂದೆ?" ಎಂದು ಕೇಳಿದೆ.

"ತಿಂದ್ನಾ? ಎಲೆ ಮುಂದೆ ಕೂತಿದ್ದೆ ಅಷ್ಟೆಯ" ಎಂದ ಅಪ್ಪ. "ಒಂದ್ ತುತ್ತೂ ಇಳೀನಿಲ್ಲ."